ಬಿಸಿ ಟೈರು, ತಣ್ಣನೆ ಟೈರು

‘ಹಿಂಬದಿ ಟೈರ್ ಸ್ಫೋಟಗೊಂಡು, ಸವಾರನ ನಿಯಂತ್ರಣ ತಪ್ಪಿದ ಬೈಕ್ ರಸ್ತೆ ವಿಭಜಕಕ್ಕೆ ಡಿಕ್ಕಿ ಹೊಡೆದಿದೆ.’

ಈ ಸಾಲನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ಹೆದ್ದಾರಿ ಪಕ್ಕದಲ್ಲೇ ಇದ್ದುಕೊಂಡು ಸುದ್ದಿ ಕಳಿಸುವವನಿಗೆ ಇದು ಬಾಯಿಪಾಠ. ಊರಿನ ಹೆಸರು, ಸತ್ತವರ ಹೆಸರು, ವಯಸ್ಸು, ಠಾಣೆ, ಇಷ್ಟು ಸಿಕ್ಕರೆ ಉಳಿದದ್ದನ್ನು ಬೆರಳೇ ಟೈಪ್ ಮಾಡುತ್ತದೆ. ಡಿಪ್ಲೊಮಾದಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಅಂತ ಆರು ಪ್ರಶ್ನೆ ಕಲಿಸಿದ್ದರು. ಅಪಘಾತದ ಸುದ್ದಿಯಲ್ಲಿ ಮೊದಲ ನಾಲ್ಕು ಸಿಕ್ಕರೆ ಡೆಸ್ಕಿಗೆ ಸಾಕು, ನನಗೂ ಸಾಕು.

ಟೈರು ಯಾಕೆ ಸಿಡಿಯಿತು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಹಾಗಾದದ್ದು ಕಳೆದ ವರ್ಷ, ಅದೂ ನಾನೇ ಬೈಕಿನ ಹಿಂದಿನ ಸೀಟಿನಲ್ಲಿ ಕೂತು, ರಾತ್ರಿ ಎಂಟೂವರೆಗೆ ತಮಿಳುನಾಡಿನ ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ.

ನನ್ನ ಅಕ್ಕನ ಮಗ ಬೆಂಗಳೂರಿನ ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾನೆ. ಐಟಿಐ ಓದಿದವನು, ಇಪ್ಪತ್ತಮೂರು ವಯಸ್ಸು. ಇನ್ನೂರು ಸಿಸಿ ಬೈಕು ತಗೊಂಡಿದ್ದಾನೆ, ಇನ್ನೂ ಕಂತು ಕಟ್ಟುತ್ತಿದ್ದಾನೆ. ಅವನಿಗೆ ರೇಸಿನ ಹುಚ್ಚು. ಹಾಗಂತ ಊರ ರಸ್ತೆಯಲ್ಲಿ ವ್ಹೀಲಿಂಗ್ ಮಾಡುವ ಜಾತಿಯಲ್ಲ. ಟ್ರ್ಯಾಕಿನಲ್ಲಿ ಒಂದು ದಿನ ಸರಿಯಾಗಿ ಕಲಿಯಬೇಕು ಅಂತ ಆರು ತಿಂಗಳು ದುಡ್ಡು ಕೂಡಿಟ್ಟು, ಚೆನ್ನೈ ಹತ್ತಿರ ನಡೆಯುವ ಒಂದು ದಿನದ ತರಬೇತಿಗೆ ಹೆಸರು ಬರೆಸಿದ. ಅಕ್ಕನಿಗೆ ಹೆದರಿಕೆ. "ನೀನೂ ಜೊತೆಗೆ ಹೋಗೋ, ಅವನೊಬ್ಬನೇ ಬೇಡ" ಅಂದಳು. ನಾನು ಹೋದರೆ ಏನು ಕಿಸಿಯುತ್ತೇನೆ ಅಂತ ಅವಳು ಅಂದುಕೊಂಡಳೋ ಗೊತ್ತಿಲ್ಲ. ಶನಿವಾರ ಬೆಳಗ್ಗೆ ಬೆಂಗಳೂರಿನಿಂದ ಇಬ್ಬರೂ ಹೊರಟೆವು.

ಆ ಟ್ರ್ಯಾಕ್ ಇರುವುದು ಶ್ರೀಪೆರಂಬದೂರಿನ ಹತ್ತಿರ, ಇರುಂಗಾಟ್ಟುಕೋಟ್ಟೈ ಅನ್ನುವಲ್ಲಿ. ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತಾರೆ. ಒಂದು ಸುತ್ತಿಗೆ 3.7 ಕಿಲೋಮೀಟರ್. ತಮಾಷೆ ಅಂದರೆ ಅದು ಇರುವುದೂ 48ನೇ ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲೇ. ನಮ್ಮ ಹಿರಿಯೂರು, ಚಿತ್ರದುರ್ಗ ದಾಟಿ ಹೋಗುವ ಅದೇ ರಸ್ತೆ. ನಾನು ದಿನಾ ಸುದ್ದಿಗೆ ಓಡಾಡುವ ರಸ್ತೆಯ ಇನ್ನೊಂದು ತುದಿಗೆ ಹೋಗಿ ಗಾಳಿಯ ಪಾಠ ಕೇಳಿಸಿಕೊಂಡು ಬಂದ ಹಾಗಾಯ್ತು.

ಭಾನುವಾರ ಬೆಳಗ್ಗೆ ಆರೂವರೆಗೆ ಒಳಗೆ ಬಿಟ್ಟರು. ಹುಡುಗರೆಲ್ಲ ಕನ್ನಡಿ ಬಿಚ್ಚುತ್ತಿದ್ದರು, ಹೆಡ್‌ಲೈಟಿಗೆ, ಇಂಡಿಕೇಟರಿಗೆ ಟೇಪ್ ಸುತ್ತುತ್ತಿದ್ದರು. ಬಿದ್ದರೆ ಗಾಜು ಟ್ರ್ಯಾಕ್ ಮೇಲೆ ಚೆಲ್ಲಬಾರದು ಅಂತ. ಒಬ್ಬ ಮೆಕ್ಯಾನಿಕ್ ಕೈಯಲ್ಲಿ ಗಾಳಿ ಅಳೆಯುವ ಮೀಟರ್ ಹಿಡಿದು ಬೈಕಿಂದ ಬೈಕಿಗೆ ಬರುತ್ತಿದ್ದ. ಹೊಸೂರಿನವನು, ಅರ್ಧ ಕನ್ನಡ, ಅರ್ಧ ತಮಿಳು ಮಾತಾಡುತ್ತಿದ್ದ. ನಮ್ಮ ಹುಡುಗನ ಹಿಂದಿನ ಚಕ್ರದಲ್ಲಿ 33 ಇತ್ತು. ಅದನ್ನು 28ಕ್ಕೆ ಇಳಿಸಿದ. ಮುಂದಿನದನ್ನೂ ಒಂದು ಇಳಿಸಿದ. ಒಂದು ತುಂಡು ಬಿಳಿ ಟೇಪ್ ಹರಿದು ಬೈಕಿನ ಮೈಗೆ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ ಆ ಎರಡು ಅಂಕಿ ಬರೆದ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಈ ಅಂಕಿಗಳೆಲ್ಲ ಪಿಎಸ್‌ಐ ಲೆಕ್ಕ. ನಮ್ಮ ಕಡೆ ಪಿಎಸ್‌ಐ ಅಂದರೆ ಠಾಣೆಯ ಸಾಹೇಬರು. ಈ ಪಿಎಸ್‌ಐ ಬೇರೆ, ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಬೀಳುತ್ತದೆ ಅನ್ನುವ ಅಳತೆ. ಮುಂದೆ ಬರೀ ಅಂಕಿ ಬರೆದಲ್ಲೆಲ್ಲ ಅದನ್ನೇ ತಿಳಿದುಕೊಳ್ಳಿ.

"ಕಂಪನಿಯೋರು 33 ಅಂತ ಸ್ಟಿಕ್ಕರ್ ಹಾಕಿದಾರಲ್ಲ, ನೀವ್ಯಾಕೆ ಕಡಿಮೆ ಮಾಡ್ತೀರಿ?" ಅಂತ ಕೇಳಿದೆ. ಸುದ್ದಿಯವನ ಚಾಳಿ.

"ಈಗ ತಣ್ಣಗಿದೆ ಸಾರ್. ಹದಿನೈದು ನಿಮಿಷ ಓಡಿಸಿ ಬರಲಿ, ಆಮೇಲೆ ನೋಡಿ" ಅಂದ.

ಹದಿನೈದು ನಿಮಿಷ ಓಡಿಸಿ ಬಂದ. ಬೈಕ್ ನಿಂತ ಕೂಡಲೇ ಮೀಟರ್ ಇಟ್ಟರೆ 34. ಬೆಳಗ್ಗೆ 28 ಇದ್ದದ್ದು. ಯಾರೂ ಗಾಳಿ ಹಾಕಿಲ್ಲ, ಒಳಗಿದ್ದ ಗಾಳಿಯೇ ಆರು ಏರಿದೆ. ಟೈರನ್ನು ಮುಟ್ಟಿ ನೋಡಿದೆ, ಕೈ ಇಡಲು ಆಗಲಿಲ್ಲ.

ಜಾತ್ರೆಯಲ್ಲಿ ಬಲೂನು ಮಾರುವವರು ಮಧ್ಯಾಹ್ನ ಬಿಸಿಲಿಗೆ ಬಂದರೆ ಬಲೂನು ತಾನಾಗಿಯೇ ಪಟ್ ಅನ್ನುತ್ತದಲ್ಲ, ಅದೇ ಕತೆ. ಗಾಳಿ ಬಿಸಿಯಾದರೆ ಹಿಗ್ಗಲು ನೋಡುತ್ತದೆ. ಬಲೂನಿಗಾದರೆ ಹಿಗ್ಗಲು ಜಾಗ ಇದೆ, ಟೈರಿನೊಳಗೆ ಹೆಚ್ಚು ಜಾಗ ಇಲ್ಲ, ಹಾಗಾಗಿ ಒತ್ತಡ ಏರುತ್ತದೆ. ಬೈಕಿನ ಟೈರಿನಲ್ಲಿ ಬಿಸಿ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬೆಳಗ್ಗೆ 28 ಡಿಗ್ರಿ ಇದ್ದ ಟೈರು ಟ್ರ್ಯಾಕಿನಲ್ಲಿ 70 ಡಿಗ್ರಿ ಮುಟ್ಟಿತು ಅಂದುಕೊಳ್ಳಿ, ಆರು ಏರಿದ್ದರಲ್ಲಿ ಆಶ್ಚರ್ಯ ಇಲ್ಲ.

ಟ್ರ್ಯಾಕಿನವರು ಗಾಳಿ ಇಳಿಸುವುದು ಅದಕ್ಕೇ. 33ರಲ್ಲೇ ಬಿಟ್ಟಿದ್ದರೆ ಅದು ಓಡುತ್ತಾ ಓಡುತ್ತಾ 39, 40ಕ್ಕೆ ಹೋಗುತ್ತಿತ್ತು. ಟೈರು ಬಿಗಿದುಕೊಂಡು ಕಲ್ಲಾಗುತ್ತಿತ್ತು. ತಿರುವಿನಲ್ಲಿ ಬೈಕನ್ನು ಪೂರ್ತಿ ವಾಲಿಸಿದಾಗ ನೆಲಕ್ಕೆ ಅಂಟುವ ಜಾಗ ಕಡಿಮೆಯಾಗಿ ಜಾರುತ್ತಿತ್ತು. ಅವರಿಗೆ ಬೇಕಾದದ್ದು ಬೆಳಗಿನ ಅಂಕಿ ಅಲ್ಲ, ಬಿಸಿಯಾದ ಮೇಲಿನ ಅಂಕಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಡಿಮೆಯಿಂದ ಶುರು ಮಾಡುತ್ತಾರೆ. 34 ಬಂದದ್ದನ್ನು ನೋಡಿ ಆ ಮೆಕ್ಯಾನಿಕ್ ವಾಲ್ವ್ ಒತ್ತಿ ಬಿಸಿಯಲ್ಲೇ 30ಕ್ಕೆ ಇಳಿಸಿದ. ಟೇಪಿನ ಮೇಲೆ ‘ಹಾಟ್ 30’ ಅಂತ ಬರೆದ. ಮುಂದಿನ ಸುತ್ತಿಗೆ ಹೋಗಿ ಬಂದ ನಮ್ಮ ಹುಡುಗ, "ಮಾವ, ಈಗ ಬೈಕು ನೆಲಾನ ಕಚ್ಕಂಡು ಹೋಗ್ತೈತೆ" ಅಂದ. ಮುಖದಲ್ಲಿ ಬೆವರು, ನಗು.

ಅವನಿಗೆ ಮೊದಲು ಗೊತ್ತಿದ್ದದ್ದು ಒಂದೇ: ರೇಸಿನವರು ಗಾಳಿ ಕಡಿಮೆ ಇಟ್ಟುಕೊಳ್ಳುತ್ತಾರೆ, ಅದರಿಂದ ಹಿಡಿತ ಜಾಸ್ತಿ. ನಮ್ಮೂರಿನ ಹುಡುಗರೂ ಹೀಗೇ ಹೇಳುತ್ತಾರೆ. ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ ಹಿಂದಿನ ಚಕ್ರ 22ಕ್ಕೆ ಇಳಿಸಿಕೊಂಡು ಓಡಾಡುವವರನ್ನು ನಾನು ಬಲ್ಲೆ. ಆದರೆ ದೊಡ್ಡ ರೇಸಿನಲ್ಲಿ ನಿಯಮ ಇರುವುದು ಉಲ್ಟಾ. ಮೋಟೋಜಿಪಿಯಲ್ಲಿ ಮುಂದಿನ ಟೈರಿನ ಗಾಳಿ ಇಷ್ಟಕ್ಕಿಂತ ಕಡಿಮೆ ಇರಕೂಡದು ಅಂತ ಕಾನೂನಿದೆ. 1.8 ಬಾರ್, ಅಂದರೆ ಸುಮಾರು 26 ಪಿಎಸ್‌ಐ. ರೇಸಿನ ನೂರಕ್ಕೆ ಅರುವತ್ತು ಭಾಗದಷ್ಟು ಸುತ್ತುಗಳಲ್ಲಾದರೂ ಅದಕ್ಕಿಂತ ಮೇಲಿರಬೇಕು. ಚಕ್ರದೊಳಗೇ ಸೆನ್ಸರ್ ಇರುತ್ತದೆ, ಸುಳ್ಳು ಹೇಳಲಾಗುವುದಿಲ್ಲ. ತಪ್ಪಿದರೆ ಮುಖ್ಯ ರೇಸಿನಲ್ಲಿ 16 ಸೆಕೆಂಡ್ ದಂಡ. 2025ರಲ್ಲಿ ಕತಾರ್ ರೇಸಿನಲ್ಲಿ ಮಾವೆರಿಕ್ ವಿನ್ಯಾಲೆಸ್ ಎರಡನೆಯವನಾಗಿ ಬಂದು, ಈ ದಂಡ ಬಿದ್ದು ಹದಿನಾಲ್ಕನೇ ಸ್ಥಾನಕ್ಕೆ ಇಳಿದ.

ಅದೇ ವರ್ಷ ಥಾಯ್ಲೆಂಡಿನ ರೇಸಿನಲ್ಲಿ ಇನ್ನೂ ಚೆಂದದ್ದು ನಡೆದಿತ್ತು. ಮಾರ್ಕ್ ಮಾರ್ಕೆಜ್ ಮೊದಲಿಗನಾಗಿ ಓಡುತ್ತಿದ್ದವನು ಬೇಕಂತಲೇ ನಿಧಾನ ಮಾಡಿ ತಮ್ಮ ಅಲೆಕ್ಸ್‌ನನ್ನು ಮುಂದೆ ಬಿಟ್ಟ. ನೋಡುವವರಿಗೆ ಏನಾಯಿತು ಅಂತ ಗಾಬರಿ. ಆಗಿದ್ದಿಷ್ಟೇ, ಮುಂದೆ ಯಾರೂ ಇಲ್ಲದೆ ಒಬ್ಬನೇ ಓಡಿದರೆ ಎದುರು ಗಾಳಿ ಬಡಿದು ಮುಂದಿನ ಟೈರು ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ. ತಮ್ಮನ ಬೆನ್ನ ಹಿಂದೆ ಓಡಿದರೆ ಅವನ ಬೈಕಿನ ಬಿಸಿ ತಾಗಿ ಒತ್ತಡ ಏರುತ್ತದೆ. ಸುತ್ತುಗಟ್ಟಲೆ ತಮ್ಮನ ಹಿಂದೆಯೇ ಇದ್ದು, ಕೊನೆಗೆ ಮುಂದೆ ಹೋಗಿ ಗೆದ್ದ. ರಾತ್ರಿ ಲಾಡ್ಜಿನಲ್ಲಿ ಹುಡುಗ ಇದನ್ನು ಫೋನಿನಲ್ಲಿ ತೋರಿಸಿದ್ದ. ಆಗ ನನಗೆ ಅರ್ಥವಾಗಿರಲಿಲ್ಲ. ಬಿಸಿ ಟೈರು ಮುಟ್ಟಿದ ಮೇಲೆ ಅರ್ಥವಾಯಿತು.

ಇಷ್ಟೆಲ್ಲ ಅರ್ಥವಾಗಿಯೂ ಸಂಜೆ ನಾವು ಮಾಡಿದ್ದು ಇದು.

ಕೊನೆಯ ಸುತ್ತು ಮುಗಿದಾಗ ನಾಲ್ಕೂವರೆ. ಸೋಮವಾರ ಅವನಿಗೆ ಮೊದಲ ಪಾಳಿ. ಟೇಪ್ ಕಿತ್ತೆವು, ಕನ್ನಡಿ ಹಾಕಿದೆವು, ಬ್ಯಾಗು ಕಟ್ಟಿದೆವು. ಮೆಕ್ಯಾನಿಕ್ ಬೆಳಗ್ಗೆಯೇ ಎಲ್ಲರಿಗೂ ಹೇಳಿದ್ದ, ಮನೆಗೆ ಹೋಗುವ ಮುಂಚೆ ಗಾಳಿ ಮತ್ತೆ ತುಂಬಿಸಿಕೊಳ್ಳಿ ಅಂತ. ಹುಡುಗ ಮರೆಯಲಿಲ್ಲ. ತನ್ನ ಮೀಟರ್ ತೆಗೆದು ಹಿಂದಿನ ಚಕ್ರಕ್ಕೆ ಇಟ್ಟ. "31 ಐತೆ ಮಾವ. 33 ಇರಬೇಕಿತ್ತು. ಎರಡೇ ಕಡಿಮೆ. ಅಲ್ಲಿ ನೋಡು, ಕಂಪ್ರೆಸರ್ ಹತ್ರ ಎಷ್ಟು ಜನ ನಿಂತವ್ರೆ. ದಾರೀಲಿ ಬಂಕ್ ಸಿಗ್ತೈತೆ, ಅಲ್ಲೇ ಹಾಕ್ಸಣ."

ಎರಡೇ ಕಡಿಮೆ. ನನಗೂ ಸರಿ ಅನ್ನಿಸಿತು.

ಆ 31 ಬಿಸಿ ಟೈರಿನ 31. ಆಗ ತಾನೇ ಟ್ರ್ಯಾಕಿನಿಂದ ಇಳಿದ ಟೈರು. ಅದೇ ಟೈರು ರಾತ್ರಿಯಿಡೀ ತಣ್ಣಗೆ ನಿಂತಿದ್ದು ಬೆಳಗ್ಗೆ ಅಳೆದಿದ್ದರೆ 25ರ ಆಸುಪಾಸು ತೋರಿಸುತ್ತಿತ್ತು. ಸ್ಟಿಕ್ಕರಿನಲ್ಲಿ ಬರೆದ 33 ತಣ್ಣನೆ ಟೈರಿನ ಲೆಕ್ಕ. ಅದೂ ಒಬ್ಬನೇ ಕೂತರೆ. ಇಬ್ಬರು ಕೂತರೆ 36. ಅಂದರೆ ನಾವು ಕಡಿಮೆ ಇದ್ದದ್ದು ಎರಡಲ್ಲ, ಹನ್ನೊಂದು. ಮೇಲೆ ನನ್ನ ಎಂಬತ್ತು ಕೆಜಿ ಮೈ, ಒಂದು ಬ್ಯಾಗು.

ದಾರಿಯಲ್ಲಿ ಬಂಕುಗಳು ಸಿಕ್ಕವು. ಒಂದರಲ್ಲಿ ಗಾಳಿ ಮೆಷಿನ್ ಕೆಟ್ಟಿತ್ತು. ಇನ್ನೊಂದರಲ್ಲಿ ಲಾರಿಗಳ ಸಾಲು. ಕಾಂಚೀಪುರಂ ದಾಟಿತು, ವೆಲ್ಲೂರು ದಾಟಿತು. ಎಂಬತ್ತು, ತೊಂಬತ್ತರಲ್ಲಿ ಹೋಗುತ್ತಿದ್ದೆವು. ವೆಲ್ಲೂರು ಆದ ಮೇಲೆ ಬೈಕಿನ ಹಿಂಭಾಗ ಒಂಥರಾ ಓಲಾಡಲು ಶುರುವಾಯಿತು. ಲಾರಿ ದಾಟುವಾಗಿನ ಗಾಳಿ ಇರಬೇಕು ಅಂದುಕೊಂಡೆ. ಹುಡುಗ ತನಗೆ ಸುಸ್ತಾಗಿದೆ, ಅದಕ್ಕೆ ಹಾಗನ್ನಿಸುತ್ತಿದೆ ಅಂದುಕೊಂಡಿದ್ದನಂತೆ. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ. ಆಂಬೂರು ದಾಟಿ ಒಂದು ಉದ್ದನೆ ತಿರುವು ಬಂತು. ಅವನು ಬೈಕು ವಾಲಿಸಿದ. ಹ್ಯಾಂಡಲ್ ತಿರುಗಿತು, ಹಿಂದಿನ ಚಕ್ರ ಒಂದು ಕ್ಷಣ ತಡವಾಗಿ ತಿರುಗಿತು. ಎತ್ತಿನ ಗಾಡಿಯ ಅಚ್ಚು ಸಡಿಲವಾದರೆ ಆಗುತ್ತದಲ್ಲ, ಹಾಗೆ. ಪಕ್ಕದಲ್ಲಿ ಕಂಟೇನರ್ ಲಾರಿ. ಅದರ ಚಕ್ರ ನನ್ನ ಮೊಣಕಾಲಿನಿಂದ ಎಷ್ಟು ದೂರ ಇತ್ತು ಅಂತ ಹೇಳಲಾರೆ, ಅದರ ಬಿಸಿ ಗಾಳಿ ಕಾಲಿಗೆ ತಾಗಿದ್ದು ಮಾತ್ರ ನೆನಪಿದೆ.

ಅವನು ಬ್ರೇಕ್ ಹಾಕಲಿಲ್ಲ. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ನೆಟ್ಟಗೆ ಹಿಡಿದು, ನಿಧಾನಕ್ಕೆ ಎಡಕ್ಕೆ ತಂದ. ಅದೊಂದನ್ನು ಬೆಳಗಿನ ಪಾಠದಲ್ಲಿ ಕಲಿತಿದ್ದ. ಆಕ್ಷಣ ಹಿಂದಿನ ಬ್ರೇಕ್ ತುಳಿದಿದ್ದರೆ ಈ ಬರಹ ಬೇರೆ ಯಾರೋ ಬರೆಯುತ್ತಿದ್ದರು, ನಾಲ್ಕು ಸಾಲಿನಲ್ಲಿ.

ಹತ್ತಿರದ ಬಂಕಿಗೆ ತಳ್ಳಿಕೊಂಡೇ ಹೋದೆವು. ಹಿಂದಿನ ಟೈರು ಸುಡುತ್ತಿತ್ತು. ಮೀಟರ್ ಇಟ್ಟರೆ ಮತ್ತೆ 31! ಹುಡುಗ ಮೀಟರ್ ಕೆಟ್ಟಿದೆ ಅಂದ. ಚಹಾ ಕುಡಿದೆವು. ಅಕ್ಕನ ಫೋನು ಬಂತು, ಊಟ ಮಾಡ್ತಾ ಇದೀವಿ ಅಂದೆ. ಒಂದೂವರೆ ಗಂಟೆ ಕಳೆದು ಟೈರು ಕೈಗೆ ತಣ್ಣಗೆ ಅನ್ನಿಸಿದ ಮೇಲೆ ಮತ್ತೆ ಅಳೆದರೆ 25. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಬೆಳಗ್ಗಿಂದ ಮೂರು ಸಲ ಬಿಸಿ ಟೈರಿನಿಂದ ಗಾಳಿ ಬಿಟ್ಟದ್ದು ಆಗ ಲೆಕ್ಕಕ್ಕೆ ಬಂತು.

ಅಲ್ಲೇ 36 ಹಾಕಿಸಿದೆವು. ಬೈಕು ಬೇರೆಯದೇ ಅನ್ನುವ ಹಾಗೆ ಓಡಿತು. ಬೆಂಗಳೂರಿಗೆ ಬಂದ ಮೇಲೆ ಟೈರು ಬಿಚ್ಚಿಸಿ ಒಳಗೆಲ್ಲ ನೋಡಿಸಿದ. ಗಾಳಿ ಇಲ್ಲದೆ ಬಹಳ ಓಡಿದರೆ ಒಳಗಿನ ಗೋಡೆ ಉಜ್ಜಿ ರಬ್ಬರ್ ಪುಡಿ ಉದುರುತ್ತದಂತೆ, ಅಂಥ ಟೈರನ್ನು ಮತ್ತೆ ಹಾಕಬಾರದು. ಇದರಲ್ಲಿ ಪುಡಿ ಇರಲಿಲ್ಲ.

ಗಾಳಿ ಕಡಿಮೆ ಇದ್ದರೆ ಟೈರು ಯಾಕೆ ಅಷ್ಟು ಬಿಸಿಯಾಗುತ್ತದೆ ಅನ್ನುವುದನ್ನು ಆಮೇಲೆ ನಾನೇ ಕೂತು ಲೆಕ್ಕ ಹಾಕಿದೆ. 28 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ ಎರಡು ಕೆಜಿ. ಹಿಂದಿನ ಚಕ್ರದ ಮೇಲೆ 130 ಕೆಜಿ ಬಿದ್ದರೆ, ಅದನ್ನು ಹೊರಲು ನೆಲಕ್ಕೆ ತಾಗಬೇಕಾದ ಜಾಗ 65 ಚದರ ಸೆಂಟಿಮೀಟರ್. ಹೆಚ್ಚು ಕಡಿಮೆ ನಿಮ್ಮ ಅಂಗೈ ಅಷ್ಟು. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಲೆಕ್ಕ ಪೂರ್ತಿ ಕರಾರುವಾಕ್ಕಲ್ಲ, ಆದರೆ ಅಂದಾಜಿಗೆ ಸಾಕು. ನೀವು, ಹೆಂಡತಿ, ಮಗು, ಮೇಲೆ ಒಂದು ಚೀಲ ಹಿಂಡಿ ಎಲ್ಲ ನಿಂತಿರುವುದು ಎರಡು ಅಂಗೈ ಮೇಲೆ. ಗಾಳಿ ಇಳಿದಷ್ಟೂ, ಭಾರ ಏರಿದಷ್ಟೂ ಟೈರು ಚಪ್ಪಟೆಯಾಗಿ ಹೆಚ್ಚು ಜಾಗ ನೆಲಕ್ಕೆ ಒತ್ತಬೇಕು. ಪ್ರತಿ ಸುತ್ತಿಗೂ ಟೈರಿನ ಪಕ್ಕೆ ಒಮ್ಮೆ ಬಗ್ಗಿ ನೆಟ್ಟಗಾಗುತ್ತದೆ. 80ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಹನ್ನೊಂದು, ಹನ್ನೆರಡು ಸಲ ಸುತ್ತುತ್ತದೆ. ಸೆಂಟ್ರಿಂಗ್ ಕೆಲಸದವರು ಬೈಂಡಿಂಗ್ ವೈರನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವುದನ್ನು ನೋಡಿದ್ದೀರಲ್ಲ. ಮುರಿಯುವ ಮುಂಚೆ ಆ ಜಾಗ ಮುಟ್ಟಿದರೆ ಬಿಸಿ ಇರುತ್ತದೆ. ಟೈರಿಗೂ ಅದೇ ಆಗುವುದು, ಗಂಟೆಗಟ್ಟಲೆ.

ಈ ಲೆಕ್ಕ ಹಾಕುತ್ತಾ ಕೂತಾಗ ಒಬ್ಬ ಮನುಷ್ಯ ನೆನಪಾದ.

ಕೆಲವು ವರ್ಷದ ಹಿಂದಿನ ಮಾತು. ಊರು ಬೇಡ. ಗಂಡ, ಹೆಂಡತಿ ನೂರು ಸಿಸಿ ಬೈಕಿನಲ್ಲಿ ತವರಿನ ಹಬ್ಬಕ್ಕೆ ಹೊರಟಿದ್ದರು. ಮಧ್ಯೆ ಅಕ್ಕಿ ಮೂಟೆ. ಏಪ್ರಿಲ್ ಬಿಸಿಲು. ಹೆದ್ದಾರಿಯಲ್ಲಿ ಹಿಂದಿನ ಟೈರು ಸಿಡಿದು ಬಿದ್ದರು. ಹೆಂಡತಿ ಸ್ಥಳದಲ್ಲೇ ಹೋದಳು. ನಾನು ಹೋದಾಗ ಅವನು ರಸ್ತೆ ಬದಿ ಕೂತಿದ್ದ, ಮೊಣಕೈ ತರಚಿ ರಕ್ತ. ಪೊಲೀಸರು ಹೆಸರು ಕೇಳುತ್ತಿದ್ದರು, ಅವನು ಅದಕ್ಕೆ ಉತ್ತರ ಕೊಡದೆ ಒಂದೇ ಮಾತು ಹೇಳುತ್ತಿದ್ದ: "ಬೆಳಗ್ಗೆ ಗಾಳಿ ಹಾಕ್ಸಣ ಅಂತ ಇದ್ದೆ ಸಾ, ಹೊತ್ತಾಗ್ತೈತೆ ಅಂತ ಬಿಟ್ಟೆ." ನಾನು ಅದನ್ನು ಬರೆದುಕೊಳ್ಳಲಿಲ್ಲ. ಆಘಾತದಲ್ಲಿರುವವನ ಮಾತು, ಸುದ್ದಿಗೆ ಬೇಡ ಅಂದುಕೊಂಡೆ. ಅವನು ಬೇರೇನೂ ಹೇಳುತ್ತಿರಲಿಲ್ಲ, ಅಪಘಾತದ ಕಾರಣ ಹೇಳುತ್ತಿದ್ದ. ಅಲ್ಲಿದ್ದವರಲ್ಲಿ ಅದನ್ನು ಹೇಳಿದವನು ಅವನೊಬ್ಬನೇ.

ನನ್ನ ಸುದ್ದಿಯಲ್ಲಿ ‘ನಿಯಂತ್ರಣ ತಪ್ಪಿ’ ಅಂತ ಬಂತು.

ನಮ್ಮ ಕಡೆ ಗಾಳಿ ನೋಡುವ ರೀತಿ ನಿಮಗೆ ಗೊತ್ತೇ ಇದೆ. ಕಾಲಿನಿಂದ ಒದ್ದು ನೋಡುವುದು, ಹೆಬ್ಬೆರಳಿನಿಂದ ಒತ್ತಿ ನೋಡುವುದು. 20 ಇರುವ ಟೈರೂ, 30 ಇರುವ ಟೈರೂ ಹೆಬ್ಬೆರಳಿಗೆ ಒಂದೇ ಥರ ಗಟ್ಟಿ. ಇನ್ನು ಕೆಲವರು ಪದೇ ಪದೇ ಹೋಗುವುದು ಯಾಕೆ ಅಂತ ಒಂದೇ ಸಲ 45 ಹೊಡೆಸುತ್ತಾರೆ. ಮೈಲೇಜೂ ಬರುತ್ತದೆ ಅನ್ನುತ್ತಾರೆ. ಅಷ್ಟು ಗಟ್ಟಿಯಾದರೆ ಜಲ್ಲಿ ರಸ್ತೆಯಲ್ಲಿ ಚೆಂಡಿನ ಹಾಗೆ ಪುಟಿಯುತ್ತದೆ, ಬ್ರೇಕ್ ಹಾಕಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ. ಟೈರನ್ನೇ ನೋಡಿ, ಅದು ಹೇಳುತ್ತದೆ. ನಡುವೆ ಬೋಳಾಗಿ ಅಂಚಿನಲ್ಲಿ ಹಲ್ಲು ಉಳಿದಿದ್ದರೆ ಗಾಳಿ ಜಾಸ್ತಿ ಇಟ್ಟುಕೊಂಡು ಓಡಿಸಿದ್ದೀರಿ. ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಕಡಿಮೆ.

ಸರಿಯಾದ ಅಂಕಿ ನಿಮ್ಮ ಬೈಕಿನಲ್ಲೇ ಬರೆದಿರುತ್ತದೆ. ಚೈನ್ ಕವರಿನ ಮೇಲೋ, ಹಿಂದಿನ ಚಕ್ರ ಹಿಡಿದ ಸ್ವಿಂಗ್‌ಆರ್ಮ್ ಮೇಲೋ ಸ್ಟಿಕ್ಕರ್ ಇರುತ್ತದೆ. ಕೆಸರು ಒರೆಸಿ ನೋಡಿ, ಸ್ಟಿಕ್ಕರ್ ಕಿತ್ತು ಹೋಗಿದ್ದರೆ ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ನನ್ನ ಹಳೇ ಬೈಕಿನಲ್ಲಿ ಮುಂದೆ 25, ಹಿಂದೆ ಒಬ್ಬನಿಗೆ 28, ಇಬ್ಬರಿಗೆ 32. ಎಂಟು ವರ್ಷ ಓಡಿಸಿದ ಮೇಲೆ ಅದನ್ನು ಮೊದಲ ಸಲ ಓದಿದೆ. ಟೈರಿನ ಪಕ್ಕೆಯ ಮೇಲೆ ಅಚ್ಚು ಹಾಕಿದ ದೊಡ್ಡ ಅಂಕಿ ಬೇರೆ. ಅದು ಆ ಟೈರು ತಡೆಯುವ ಗರಿಷ್ಠ, ಹಾಕಬೇಕಾದ ಅಳತೆಯಲ್ಲ. ಅದನ್ನೇ ನೋಡಿ ತುಂಬುವವರೂ ಇದ್ದಾರೆ.

ಅಳೆಯುವುದು ಬೆಳಗ್ಗೆ, ಬೈಕು ಹೊರಡುವ ಮುಂಚೆ. ಇದೇ ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನ್ನಿಸಿರುವುದು, ಯಾಕೆಂದರೆ ಆ ಟ್ರ್ಯಾಕಿನಲ್ಲಿ ನಾವು ಮಾಡಿದ ತಪ್ಪನ್ನೇ ನಮ್ಮ ಚಳ್ಳಕೆರೆ, ಹಿರಿಯೂರು ಕಡೆ ಬೇಸಿಗೆ ಪೂರ್ತಿ ಮಾಡುತ್ತೇವೆ. ಮಧ್ಯಾಹ್ನ ಎರಡು ಗಂಟೆ, ಡಾಂಬರು ಕುದಿಯುತ್ತಿದೆ, ಮೂವತ್ತು ಕಿಲೋಮೀಟರ್ ಓಡಿಸಿ ಬಂಕಿಗೆ ಬರುತ್ತೀರಿ. ಹುಡುಗ ಮೀಟರ್ ಇಟ್ಟು "ಜಾಸ್ತಿ ಐತಣ್ಣ, ತೆಗೀತೀನಿ" ಅಂತ ಬುಸ್ ಅನ್ನಿಸುತ್ತಾನೆ. ಸ್ಟಿಕ್ಕರಿನ ಅಂಕಿಗೆ ಸರಿಯಾಗಿ ತಂದು ನಿಲ್ಲಿಸುತ್ತಾನೆ. ನಿಮಗೂ ಸಮಾಧಾನ. ಮರುದಿನ ಬೆಳಗ್ಗೆ ಆ ಟೈರಿನಲ್ಲಿ ನಾಲ್ಕೈದು ಕಡಿಮೆ ಇರುತ್ತದೆ. ಅದೇ ಬೈಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುತ್ತೀರಿ. ಬಿಸಿ ಟೈರಿನಲ್ಲಿ ಸ್ವಲ್ಪ ಜಾಸ್ತಿ ತೋರಿಸಿದರೆ ತೋರಿಸಲಿ, ಬಿಡಿ. ಕಂಪನಿಯವರು ಆ ಏರಿಕೆಯನ್ನೂ ಲೆಕ್ಕ ಹಿಡಿದೇ ಸ್ಟಿಕ್ಕರ್ ಅಂಟಿಸಿರುತ್ತಾರೆ.

ಮೂಟೆ ಹೇರುವ ದಿನ, ಹಿಂದೆ ಜನ ಕೂರುವ ದಿನ ಹಿಂದಿನ ಚಕ್ರಕ್ಕೆ ಇಬ್ಬರ ಅಂಕಿ ಹಾಕಿಸಿ. ಮುಂದಿನದಕ್ಕೆ ಬಹುತೇಕ ಬೈಕಿನಲ್ಲಿ ವ್ಯತ್ಯಾಸ ಇರುವುದಿಲ್ಲ. ಮಣ್ಣಿನ ರಸ್ತೆಗೆ ಗಾಳಿ ಇಳಿಸಬೇಕಾ ಅಂತ ಒಬ್ಬರು ಕೇಳಿದರು. ಮಣ್ಣಿನಲ್ಲೇ ರೇಸ್ ಮಾಡುವವರು ಇಳಿಸುತ್ತಾರೆ, ನಿಜ. ನಮ್ಮದು ಟ್ಯೂಬ್ ಇರುವ ಟೈರಾದರೆ ಬಹಳ ಇಳಿಸಿದಾಗ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವ್ ಕಿತ್ತು ಬರುತ್ತದೆ, ಕಲ್ಲಿಗೆ ಬಡಿದರೆ ಟ್ಯೂಬು ನಡುವೆ ಸಿಕ್ಕಿ ಹರಿಯುತ್ತದೆ. ಎರಡು ಕಿಲೋಮೀಟರ್ ಮಣ್ಣಿನ ದಾರಿ ಮುಗಿದು ಡಾಂಬರು ಬಂದ ಮೇಲೆ ಮತ್ತೆ ತುಂಬಿಸಲು ಯಾರಿದ್ದಾರೆ? ಮಳೆಗಾಲದ ಎರೆ ಮಣ್ಣಿಗಂತೂ ಯಾವ ಅಂಕಿಯೂ ಇಲ್ಲ, ಇಳಿದು ತಳ್ಳುವುದೇ. ನೈಟ್ರೋಜನ್ ಹಾಕಿಸಿ ಅಂತ ದುಡ್ಡು ಕೇಳಿದರೆ, ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ ಅನ್ನುವುದು ನೆನಪಿರಲಿ. ಬಂಕಿನಲ್ಲಿ ಮಾಮೂಲಿ ಗಾಳಿ ಪುಕ್ಕಟೆ ಕೊಡಬೇಕು. ಹಾಕುವ ಹುಡುಗನಿಗೆ ಐದು ರೂಪಾಯಿ ಕೊಡುವುದು ಬಿಡುವುದು ನಿಮಗೆ ಸೇರಿದ್ದು, ನಾನು ಕೊಡುತ್ತೇನೆ.

ಆಂಬೂರಿನಿಂದ ಬಂದ ಮೇಲೆ ನಾನೂ ಒಂದು ಮೀಟರ್ ಕೊಂಡೆ. ಮುನ್ನೂರ ಐವತ್ತು ರೂಪಾಯಿ. ಜೇಬಿನಲ್ಲಿ ಪೆನ್ನಿನ ಜೊತೆ ಇರುತ್ತದೆ. ಅಪಘಾತದ ಸ್ಥಳಕ್ಕೆ ಹೋದಾಗ ಈಗ ಒಂದು ಪ್ರಶ್ನೆ ಹೆಚ್ಚು ಕೇಳುತ್ತೇನೆ: ಎಷ್ಟು ಜನ ಇದ್ದರು, ಏನು ಹೇರಿದ್ದರು, ಗಾಳಿ ಯಾವಾಗ ಹಾಕಿಸಿದ್ದರು. ಪೊಲೀಸರು ಮೊದಲು ನಕ್ಕರು. ಈಗ ನಗುವುದಿಲ್ಲ, ಹಾಗಂತ ಬರೆದುಕೊಳ್ಳುವುದೂ ಇಲ್ಲ. ಎರಡು ಸಲ ಆ ವಿವರ ಸೇರಿಸಿ ಸುದ್ದಿ ಕಳಿಸಿದೆ. ಒಂದು ಸಲ ಡೆಸ್ಕಿನವರು ಜಾಗ ಇಲ್ಲ ಅಂತ ಆ ಸಾಲು ತೆಗೆದರು, ಇನ್ನೊಂದು ಸಲ ಉಳಿಯಿತು.

ನಮ್ಮೂರ ಸ್ಟಾಂಡಿನ ಪಂಕ್ಚರ್ ಅಂಗಡಿ ಚಾಚಾ ಹತ್ತಿರ ಕಂಪ್ರೆಸರಿಗೆ ಒಂದು ಮುಳ್ಳಿನ ಮೀಟರ್ ಇದೆ. ಗಾಜು ಒಡೆದು ಎಷ್ಟೋ ವರ್ಷವಾಯಿತು. ಒಂದು ಬೆಳಗ್ಗೆ ನನ್ನ ಬೈಕಿಗೆ ಅವರ ಮೀಟರಿನಲ್ಲಿ 28 ಹಾಕಿಸಿ, ನನ್ನದನ್ನು ಇಟ್ಟು ನೋಡಿದೆ. 23.

"ಪೇಪರ್‌ನೋರೆ, ನಿಮ್ಮದು ಹೊಸದು, ಅದಕ್ಕೇನು ಗೊತ್ತು?" ಅಂದರು ಚಾಚಾ. ಆಮೇಲೆ ಸುಮ್ಮನಾದರು. ಪಕ್ಕದಲ್ಲಿ ನಿಂತಿದ್ದ ಶಾಲೆ ಮೇಷ್ಟ್ರ ಸ್ಕೂಟರಿಗೂ ಎರಡೂ ಮೀಟರ್ ಇಟ್ಟು ನೋಡಿದರು. ಅಲ್ಲೂ ಐದರ ವ್ಯತ್ಯಾಸ. ಎಷ್ಟು ವರ್ಷದಿಂದ ಎಷ್ಟು ಜನಕ್ಕೆ ಐದು ಕಡಿಮೆ ಹಾಕಿ ಕಳಿಸಿದೆನೋ ಅಂತ ಅವರ ಮುಖದಲ್ಲಿ ಬಂತು, ಬಾಯಲ್ಲಿ ಬರಲಿಲ್ಲ. ಹೊಸ ಮೀಟರ್ ತರಿಸುತ್ತೇನೆ ಅಂದರು. ಅಲ್ಲಿಯವರೆಗೆ ಅಂತ ಸೀಮೆಸುಣ್ಣ ತಗೊಂಡು ಕಂಪ್ರೆಸರ್ ಟ್ಯಾಂಕಿನ ಮೇಲೆ ದೊಡ್ಡದಾಗಿ ಬರೆದರು: ‘ಐದು ಸೇರಿಸಿ ಹಾಕಬೇಕು.’

ಮೊನ್ನೆ ಮಳೆ ಬಂದಾಗ ಅದು ಅರ್ಧ ಅಳಿಸಿ ಹೋಗಿತ್ತು. ಚಾಚಾ ನಮಾಜಿಗೆ ಹೋಗಿದ್ದರು, ಹೊಸ ಹುಡುಗ ಗಾಳಿ ಹಾಕುತ್ತಿದ್ದ. ಸೀಮೆಸುಣ್ಣ ಎಲ್ಲಿದೆ ಅಂತ ಅವನನ್ನು ಕೇಳಿ, ನಾನೇ ಮತ್ತೆ ಬರೆದು ಬಂದೆ.